ಹಗ್ಗದ ಆ ತುದಿಯವರ ಉಸಿರು: ವಾಟರ್ ಸ್ಕೀ ದೋಣಿ ಮತ್ತು ಅದರ ಎಂಜಿನ್

ವಾಟರ್ ಸ್ಕೀಯಿಂಗ್ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸ್ಕೀ ಮೇಲೆ ನಿಂತವರ ಕಡೆಗೆ, ಅವರು ಎಬ್ಬಿಸುವ ನೀರಿನ ಪರದೆಯ ಕಡೆಗೆ. ಇವತ್ತು ನಿಮ್ಮ ಗಮನವನ್ನು ಹಗ್ಗದ ಇನ್ನೊಂದು ತುದಿಗೆ, ದೋಣಿಯ ಹಿಂಬದಿಯಲ್ಲಿ ಹೊಗೆ ಹೊರಬೀಳುವ ಜಾಗಕ್ಕೆ ಎಳೆಯಬೇಕಾಗಿದೆ. ಈ ಆಟದ ಏರ್ಪಾಡನ್ನೇ ನೋಡಿ. ಎಂಜಿನ್ ಮುಂದೆ, ಹೊಗೆಕೊಳವೆಯ ಬಾಯಿ ಹಿಂದಕ್ಕೆ, ಅದರ ಹಿಂದೆ ಏದುಸಿರು ಬಿಡುತ್ತಿರುವ ಮನುಷ್ಯ. ಬಿದ್ದರೆ ಬೀಳುವುದೂ ಆ ಎಂಜಿನ್ ಹಾದುಹೋದ ನೀರಿಗೇ. ಶುದ್ಧ ಎಂಜಿನ್ ಎಂದರೆ ಕೆರೆಗೂ ಮೀನಿಗೂ ಮಾಡುವ ಉಪಕಾರ ಎಂದು ಹೇಳುವುದುಂಟು. ಅದು ನಿಜ. ಆದರೆ ಅದರ ಲಾಭ ಮೊದಲು ಸಿಗುವುದು ಹಗ್ಗ ಹಿಡಿದವರಿಗೆ.

ಆಟದ ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1922ರಲ್ಲಿ ಅಮೆರಿಕದ ಮಿನ್ನೆಸೋಟದ ಲೇಕ್ ಪೆಪಿನ್‌ನಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ ಹದಿಹರೆಯದ ಹುಡುಗ 8 ಅಡಿ ಉದ್ದದ ಪೈನ್ ಹಲಗೆಗಳ ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮೇಲಕ್ಕೆ ಬಾಗಿಸಿ, ಬಟ್ಟೆ ಒಣಹಾಕುವ ಹಗ್ಗ ಹಿಡಿದು ದೋಣಿಯ ಹಿಂದೆ ನಿಂತ. ಅಂದಿನ ದೋಣಿಗೆ ಒಬ್ಬರನ್ನು ಎಳೆದುಕೊಂಡು ಹೋದರೆ ಸಾಕಿತ್ತು. ಇಂದಿನ ದೋಣಿಯಿಂದ ಕೇಳುವುದು ಬೇರೆಯೇ. ಎಂಜಿನ್ನಿನ ಹೊಗೆಯ ಕಥೆ ಅರ್ಥವಾಗಬೇಕಾದರೆ ಮೊದಲು ಅದನ್ನು ತಿಳಿಯಬೇಕು.

ಸ್ಲಾಲಮ್ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಪಥದ ಉದ್ದ 259 ಮೀಟರ್. ದೋಣಿ ನಡುವಿನ ಗೆರೆಯಲ್ಲಿ ನೇರವಾಗಿ ಓಡುತ್ತದೆ. ಸ್ಕೀಯರ್ ಎಡಕ್ಕೂ ಬಲಕ್ಕೂ ತೂಗುತ್ತಾ ಆರು ತೇಲುಗುಂಡುಗಳನ್ನು ಸುತ್ತಬೇಕು. ಒಂದೊಂದು ಗುಂಡೂ ನಡುಗೆರೆಯಿಂದ 11.5 ಮೀಟರ್ ದೂರ. ಪುರುಷರ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್, ಮಹಿಳೆಯರದು 55. 58ರ ವೇಗದಲ್ಲಿ ಇಡೀ ಪಥ 16 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ವೇಗ ಗರಿಷ್ಠಕ್ಕೆ ಬಂದ ಮೇಲೆ ಕಷ್ಟ ಹೆಚ್ಚಿಸುವ ದಾರಿ ಹಗ್ಗವನ್ನು ಗಿಡ್ಡ ಮಾಡುವುದು: 18.25 ಮೀಟರಿನಿಂದ 16, 14.25, 13, 12, 11.25 ಹೀಗೆ ಇಳಿಯುತ್ತದೆ. ಇಲ್ಲೊಂದು ಮೋಜಿದೆ, ಗಮನಿಸಿದಿರಾ? 11.25ಕ್ಕೆ ಬಂದಾಗ ಹಗ್ಗವನ್ನು ಅಡ್ಡಕ್ಕೆ ಪೂರ್ತಿ ಚಾಚಿದರೂ ಅದು ಗುಂಡಿನವರೆಗೆ ಮುಟ್ಟುವುದಿಲ್ಲ. ಉಳಿದ ಅಂತರವನ್ನು ಸ್ಕೀಯರ್ ತನ್ನ ತೋಳು, ಬಾಗಿದ ಮೈ, ಕಾಲಡಿಯ ಸ್ಕೀ ಇವುಗಳಿಂದಲೇ ತುಂಬಬೇಕು.

ಪ್ರತಿ ಗುಂಡಿನಿಂದ ತಿರುಗಿ ದೋಣಿಯ ಹಿಂದಿನ ಅಲೆಯನ್ನು ದಾಟುವಾಗ ಸ್ಕೀಯರ್ ಹಗ್ಗವನ್ನು ಜೋರಾಗಿ ಜಗ್ಗುತ್ತಾರೆ. ದೋಣಿಯ ವೇಗ ಕುಸಿಯಲು ನೋಡುತ್ತದೆ, ಎಂಜಿನ್ ಕೂಡಲೇ ಥ್ರಾಟಲ್, ಅಂದರೆ ಗಾಳಿ ಒಳಬಿಡುವ ಕವಾಟ, ತೆರೆಯಬೇಕು. ಜಗ್ಗು ಸಡಿಲವಾದಾಗ ಮುಚ್ಚಬೇಕು. 16 ಸೆಕೆಂಡಿನಲ್ಲಿ ಮತ್ತೆ ಮತ್ತೆ ಇದೇ. ಮೊದಲು ಇದನ್ನು ಚಾಲಕರ ಕೈ ಮಾಡುತ್ತಿತ್ತು, ಈಗ ಜಿಪಿಎಸ್ ಆಧಾರಿತ ವೇಗ ನಿಯಂತ್ರಕ ಮಾಡುತ್ತದೆ. ಸ್ಪರ್ಧೆಗಳಲ್ಲಿ ಬಳಸುವ ಝೀರೋ ಆಫ್ ಸಾಧನದಲ್ಲಿ ಎ, ಬಿ, ಸಿ ಅಕ್ಷರಗಳೂ 1, 2, 3 ಅಂಕಿಗಳೂ ಇರುತ್ತವೆ. ಜಗ್ಗು ಬಿದ್ದ ಮೇಲೆ ಎಂಜಿನ್ ಎಷ್ಟು ಬೇಗ ಪ್ರತಿಕ್ರಿಯಿಸಬೇಕು ಎನ್ನುವುದಕ್ಕೆ ಅಕ್ಷರ, ಎಷ್ಟು ಬಲವಾಗಿ ಎನ್ನುವುದಕ್ಕೆ ಅಂಕಿ. ಸ್ಕೀಯರ್ ತನ್ನ ಶೈಲಿಗೆ ಹೊಂದುವ ಜೋಡಿಯನ್ನು ಆರಿಸಿಕೊಳ್ಳುತ್ತಾರೆ.

ಹೊಗೆಗೂ ಇದಕ್ಕೂ ಏನು ಸಂಬಂಧ? ಪೆಟ್ರೋಲ್ ಪೂರ್ತಿ ಸುಡಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಥ್ರಾಟಲ್ ಹಠಾತ್ತನೆ ತೆರೆದಾಗ ಗಾಳಿ ತಟ್ಟನೆ ಒಳನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಎಂಜಿನ್ ತಡವರಿಸದಿರಲಿ ಎಂದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೆಯ ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಪಂಪ್ ಇರುತ್ತಿತ್ತು. ಥ್ರಾಟಲ್ ಒತ್ತಿದಾಗಲೆಲ್ಲ ಅದು ಒಂದು ಚಿಮ್ಮು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಿತ್ತು. ರಸ್ತೆಯ ಮೇಲಿನ ಕಾರಿಗೆ ಅದು ಅಪರೂಪದ ಕೆಲಸ. ಸ್ಕೀ ದೋಣಿಗೆ ಅದೇ ದಿನಚರಿ. ಜೊತೆಗೆ ಆಳ ನೀರಿನಿಂದ ಒಬ್ಬರನ್ನು ಎಬ್ಬಿಸುವಾಗ ಥ್ರಾಟಲ್ ಬಹುತೇಕ ಪೂರ್ತಿ ತೆರೆದಿರುತ್ತದೆ, ಆಗ ಮಿಶ್ರಣದಲ್ಲಿ ಪೆಟ್ರೋಲ್ ಅಂಶ ಬೇಕೆಂದೇ ಹೆಚ್ಚಿರುತ್ತದೆ. ಹೆಚ್ಚಾದ ಪೆಟ್ರೋಲ್ ಅರೆಬರೆ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಇದರಲ್ಲಿ ಎಂಜಿನ್ನಿನ ತಪ್ಪೇನೂ ಇಲ್ಲ, ಕೆಲಸದ ಸ್ವಭಾವವೇ ಹಾಗೆ.

ಇನ್ನು ಎಂಜಿನ್ನುಗಳಿಗೆ ಬರೋಣ. ಎಲ್ಲಕ್ಕಿಂತ ಕೊಳಕು, ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಹಳೆಯ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಔಟ್‌ಬೋರ್ಡ್. ಅದರ ಸಿಲಿಂಡರಿನಲ್ಲಿ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಸುಟ್ಟ ಹೊಗೆ ಹೊರಹೋಗುವ ಕಿಂಡಿಯೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ತಳ್ಳಬೇಕು, ತಳ್ಳುವಾಗ ತಾನೂ ಒಂದಿಷ್ಟು ಹೊರಗೆ ಹೋಗಿಬಿಡುತ್ತದೆ. ಹೀಗೆ ಸುಡದೇ ಹೋಗುವ ಪೆಟ್ರೋಲ್ ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು. ನಾಲ್ಕು ಲೀಟರ್ ಹಾಕಿದರೆ ಒಂದು ಲೀಟರ್ ನೇರ ನೀರಿಗೆ ಮತ್ತು ಗಾಳಿಗೆ. ಅದರ ಜೊತೆ ಪೆಟ್ರೋಲಿಗೆ ಬೆರೆಸಿದ ಆಯಿಲ್, ಸಾಮಾನ್ಯವಾಗಿ 50 ಪಾಲಿಗೆ ಒಂದು ಪಾಲು, ಅದೂ ಹೋಗುತ್ತದೆ. ನೀರಿನ ಮೇಲೆ ಕಾಣುವ ಬಣ್ಣದ ಪೊರೆ ಇದೇ.

ಈ ದೋಷ ನಿವಾರಿಸಲು ಎರಡು ದಾರಿ ಹಿಡಿದರು. ಒಂದು, ಫೋರ್-ಸ್ಟ್ರೋಕ್. ಅಲ್ಲಿ ಹೊಗೆ ತಳ್ಳಲು ಪಿಸ್ಟನ್ನಿಗೇ ಒಂದು ಪೂರ್ತಿ ಓಟ ಮೀಸಲು. ಇನ್ನೊಂದು, ಟೂ-ಸ್ಟ್ರೋಕನ್ನೇ ಉಳಿಸಿಕೊಂಡು, ಒಳಬರುವ ಗಾಳಿಯಲ್ಲಿ ಪೆಟ್ರೋಲ್ ಬೆರೆಸದೆ, ಹೊಗೆಕಿಂಡಿ ಮುಚ್ಚಿದ ಮೇಲೆ ಇಂಜೆಕ್ಟರಿನಿಂದ ಸಿಲಿಂಡರಿನೊಳಕ್ಕೇ ಸಿಂಪಡಿಸುವುದು. 1990ರ ದಶಕದ ಕೊನೆಯಿಂದ ಇಂಥ ಡೈರೆಕ್ಟ್ ಇಂಜೆಕ್ಷನ್ ಔಟ್‌ಬೋರ್ಡುಗಳು ಬಂದವು. ತೂಕ ಕಡಿಮೆ, ಎಳೆತ ಚೆನ್ನ, ಸ್ಕೀ ಎಳೆಯುವವರಿಗೆ ಇಷ್ಟವಾಗುವ ಗುಣಗಳೇ. ಆದರೂ ಆಯಿಲ್ ಸುಡುವುದು ತಪ್ಪಲಿಲ್ಲ, ಮಾರುಕಟ್ಟೆ ಕೊನೆಗೆ ಫೋರ್-ಸ್ಟ್ರೋಕಿನ ಪಾಲಾಯಿತು.

ಕಾನೂನು ಬೆನ್ನು ಹತ್ತದಿದ್ದರೆ ಇಷ್ಟೂ ಆಗುತ್ತಿತ್ತೋ ಇಲ್ಲವೋ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಹೊಸ ಔಟ್‌ಬೋರ್ಡುಗಳಿಗೆ ನಿಯಮ ತಂದು, 1998ರಿಂದ 2006ರ ಒಳಗೆ ಹೈಡ್ರೋಕಾರ್ಬನ್ನನ್ನು, ಅಂದರೆ ಸುಡದೇ ಹೊರಬೀಳುವ ಪೆಟ್ರೋಲ್ ಅಂಶವನ್ನು, ಸುಮಾರು 75 ಪ್ರತಿಶತ ಇಳಿಸಬೇಕೆಂದಿತು. ಕ್ಯಾಲಿಫೋರ್ನಿಯಾ-ನೆವಾಡ ಗಡಿಯ ಲೇಕ್ ಟಾಹೋ ಸರೋವರದಲ್ಲಿ 1999ರ ಜೂನ್‌ನಿಂದ ಕಾರ್ಬ್ಯುರೇಟರ್ ಟೂ-ಸ್ಟ್ರೋಕುಗಳಿಗೆ ಪ್ರವೇಶವೇ ಇಲ್ಲವೆಂದಾಯಿತು. ಕ್ಯಾಲಿಫೋರ್ನಿಯಾ ಎಂಜಿನ್ನುಗಳಿಗೆ ನಕ್ಷತ್ರದ ಚೀಟಿ ಅಂಟಿಸತೊಡಗಿತು: ಒಂದು ನಕ್ಷತ್ರವೆಂದರೆ ಹಳೆಯ ಟೂ-ಸ್ಟ್ರೋಕಿಗಿಂತ 75 ಪ್ರತಿಶತ ಕಡಿಮೆ ಮಾಲಿನ್ಯ. ಎರಡು ಎಂದರೆ ಒಂದು ನಕ್ಷತ್ರದ್ದಕ್ಕಿಂತ ಇನ್ನೂ 20 ಪ್ರತಿಶತ ಕಡಿಮೆ, ಮೂರಕ್ಕೆ 65, ನಾಲ್ಕಕ್ಕೆ 90.

ಆದರೆ ಸ್ಪರ್ಧೆಯ ಸ್ಕೀ ದೋಣಿಗಳಲ್ಲಿ ಔಟ್‌ಬೋರ್ಡ್ ಅಪರೂಪ. ಅಲ್ಲಿರುವುದು ಇನ್‌ಬೋರ್ಡ್. ದೋಣಿಯ ಹೊಟ್ಟೆಯ ನಡುವೆ ವಿ8 ಎಂಜಿನ್, ಅದರಿಂದ ಹಿಂದಕ್ಕೆ ಇಳಿಜಾರಾಗಿ ಹೋಗುವ ಶಾಫ್ಟ್, ದೋಣಿಯ ಅಡಿಯಲ್ಲಿ ಪ್ರೊಪೆಲ್ಲರ್. ಭಾರ ನಡುವೆ ಇದ್ದರೆ ದೋಣಿ ಮಟ್ಟವಾಗಿ ಓಡುತ್ತದೆ, ಹಿಂದೆ ಏಳುವ ಅಲೆ ತಗ್ಗಾಗಿರುತ್ತದೆ, ಪ್ರೊಪೆಲ್ಲರ್ ಬಿದ್ದವರಿಂದ ದೂರ ಇರುತ್ತದೆ. ಹಗ್ಗ ಕಟ್ಟುವ ಕಂಬವೂ ದೋಣಿಯ ನಡುಭಾಗದಲ್ಲೇ ನಿಲ್ಲುತ್ತದೆ. ಹಿಂಬದಿಯ ಕೊಕ್ಕೆಗೆ ಕಟ್ಟಿದರೆ ಸ್ಕೀಯರ್ ಪಕ್ಕಕ್ಕೆ ಜಗ್ಗಿದಾಗಲೆಲ್ಲ ದೋಣಿಯ ಬಾಲ ಆ ಕಡೆಗೆ ಹೊರಳುತ್ತದೆ, ನೇರ ಓಡಿಸುವುದು ಅಸಾಧ್ಯ. ವೇಕ್‌ಬೋರ್ಡ್, ವೇಕ್‌ಸರ್ಫ್ ದೋಣಿಗಳಲ್ಲಿ ಎಲ್ಲವೂ ತಿರುವುಮುರುವು. ದೋಣಿ ಎಬ್ಬಿಸಿದ ಅಲೆಯ ಮೇಲೆ ಒಂದೇ ಹಲಗೆಯಲ್ಲಿ ಆಡುವ ಅವರಿಗೆ ದೊಡ್ಡ ಅಲೆ ಬೇಕು. ಎಂಜಿನ್ ಹಿಂದಕ್ಕೆ ಹೋಗುತ್ತದೆ, ಟ್ಯಾಂಕುಗಳಲ್ಲಿ ಟನ್‌ಗಟ್ಟಲೆ ನೀರು ತುಂಬುತ್ತಾರೆ.

ಈ ಇನ್‌ಬೋರ್ಡುಗಳು ಕಾರಿನ ಎಂಜಿನ್ನುಗಳೇ. ಹಾಗಿದ್ದರೆ ಕಾರುಗಳಿಗೆ 1970ರ ದಶಕದಲ್ಲೇ ಬಂದ ಕೆಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷಾಂಶ ಕಡಿಮೆ ಮಾಡುವ ಸಾಧನ, ದೋಣಿಗೆ ಬರಲು ಇನ್ನೂ ಮೂರು ದಶಕ ಯಾಕೆ ಬೇಕಾಯಿತು? ಉತ್ತರ ನೀರಿನಲ್ಲಿದೆ. ಕಾರಿನ ಹೊಗೆಕೊಳವೆ ಕೆಂಪಗೆ ಕಾದರೂ ಬೀಸುವ ಗಾಳಿ ತಣಿಸುತ್ತದೆ. ದೋಣಿಯಲ್ಲಿ ಅದು ಫೈಬರ್ ಗೂಡಿನೊಳಗೆ, ಪೆಟ್ರೋಲ್ ಆವಿ ಕೂಡಿಕೊಳ್ಳಬಹುದಾದ ಜಾಗದಲ್ಲಿದೆ. ಹಾಗಾಗಿ ಸಿಲಿಂಡರುಗಳ ಹೊಗೆಯನ್ನು ಕೂಡಿಸುವ ಮ್ಯಾನಿಫೋಲ್ಡಿನ ಸುತ್ತ ನೀರಿನ ಕವಚ ಇರುತ್ತದೆ. ಕೊನೆಯಲ್ಲಿ ಆ ನೀರನ್ನು ಹೊಗೆಯೊಳಕ್ಕೇ ಬಿಟ್ಟು, ತಣಿದ ಮಿಶ್ರಣವನ್ನು ರಬ್ಬರ್ ಹೋಸ್ ಮೂಲಕ ಹೊರಹಾಕುತ್ತಾರೆ. ಕನ್ವರ್ಟರ್ ಕೆಲಸ ಮಾಡಲು ನೂರಾರು ಡಿಗ್ರಿ ಶಾಖ ಬೇಕು. ಅದರ ಮೇಲೆ ನೀರು ಬಿದ್ದರೆ ಒಳಗಿನ ಸೆರಾಮಿಕ್ ಜೇನುಗೂಡು ಒಡೆಯುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆಯ ಒತ್ತಡ ಏರಿಳಿಯುತ್ತಾ ಒಮ್ಮೊಮ್ಮೆ ಹಿಂದಕ್ಕೆ ಹೀರುತ್ತದೆ, ಆ ಹೀರಿನೊಂದಿಗೆ ನೀರಿನ ಹನಿಗಳೂ ವಾಪಸ್ ಬರುತ್ತವೆ. ಇದೇ ಬಹುಕಾಲ ಕಾಡಿದ ತೊಡಕು. ಕನ್ವರ್ಟರನ್ನು ನೀರು ಬೆರೆಯುವ ಜಾಗಕ್ಕಿಂತ ಮೊದಲೇ, ಮ್ಯಾನಿಫೋಲ್ಡಿಗೆ ಹತ್ತಿರ ಇಟ್ಟು, ಅದರ ಹೊರಗೂ ನೀರಿನ ಕವಚ ತೊಡಿಸಿ, ನೀರು ಬೆರೆಯುವ ರೈಸರ್ ಕೊಳವೆಯನ್ನು ಎತ್ತರಿಸಿ ಈ ತೊಡಕು ಬಿಡಿಸಿದರು. ಅಮೆರಿಕದಲ್ಲಿ 2010ರಿಂದ ಹೊಸ ಇನ್‌ಬೋರ್ಡ್ ಪೆಟ್ರೋಲ್ ಎಂಜಿನ್ನುಗಳಿಗೆ ಮಿತಿ ಹೀಗಿದೆ: ಒಂದು ಕಿಲೋವ್ಯಾಟ್-ಗಂಟೆ ಕೆಲಸಕ್ಕೆ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಸೇರಿ 5 ಗ್ರಾಂ, ಕಾರ್ಬನ್ ಮೊನಾಕ್ಸೈಡ್ 75 ಗ್ರಾಂ. ಕನ್ವರ್ಟರ್ ಇಲ್ಲದೆ ಇದನ್ನು ಮುಟ್ಟುವುದು ಕಷ್ಟ.

ಆ 75 ಗ್ರಾಂ ಬಳಿ ಸ್ವಲ್ಪ ನಿಲ್ಲೋಣ. ಎಂಜಿನ್ 100 ಕಿಲೋವ್ಯಾಟ್ ಶಕ್ತಿಯಲ್ಲಿ ಒಂದು ಗಂಟೆ ಓಡಿತು ಎಂದುಕೊಳ್ಳಿ. ಮಿತಿಯೊಳಗೇ ಇದ್ದರೂ ಏಳೂವರೆ ಕಿಲೋ ಕಾರ್ಬನ್ ಮೊನಾಕ್ಸೈಡ್ ಹೊರಬರಲು ಅವಕಾಶವಿದೆ. ಇನ್ನೊಂದು ಮಾತು. ಈ ಮಿತಿ ಅಳೆಯುವ ಪರೀಕ್ಷೆಯಲ್ಲಿ ಎಂಜಿನ್ನನ್ನು ಐದು ಹಂತಗಳಲ್ಲಿ ಓಡಿಸಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯಲ್ಲಿ ಸುಮ್ಮನೆ ಐಡಲ್‌ನಲ್ಲಿರುವುದಕ್ಕೆ 40 ಪ್ರತಿಶತ ತೂಕ, ಪೂರ್ತಿ ಥ್ರಾಟಲಿಗೆ ಬರೀ 6. ಮೀನು ಹಿಡಿಯುವವರ, ವಿಹಾರದವರ ದೋಣಿಗೆ ಇದು ಒಪ್ಪುತ್ತದೆ. ಮತ್ತೆ ಮತ್ತೆ ಒಬ್ಬರನ್ನು ನೀರಿನಿಂದ ಎಬ್ಬಿಸುವ ದೋಣಿಗೆ ಒಪ್ಪುವುದಿಲ್ಲ. ಹೀಗಾಗಿ ಚೀಟಿಯಲ್ಲಿ ನಾಲ್ಕು ನಕ್ಷತ್ರ ಇದ್ದ ಮಾತ್ರಕ್ಕೆ ಹಿಂಬದಿಯ ಪ್ಲಾಟ್‌ಫಾರಂ ಮೇಲೆ ಕುಳಿತು ಕಾಲು ಇಳಿಬಿಟ್ಟುಕೊಂಡು ಸವಾರಿ ಮಾಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಇವೇ ಲಕ್ಷಣ. ದೋಣಿಯಲ್ಲಿ ಇವನ್ನು ಅಲೆಯ ಓಲಾಟಕ್ಕೋ ಬಿಸಿಲಿಗೋ ಹೊಂದಿಸಿ ಸುಮ್ಮನಾಗುವವರೇ ಹೆಚ್ಚು. ಓಡುವ ದೋಣಿಯ ಹಿಂಬದಿಯ ಹಲಗೆ ಹಿಡಿದು ತೇಲುವ ಟೀಕ್ ಸರ್ಫಿಂಗ್ ಎಂಬ ಚಾಳಿಯಲ್ಲಿ ಸಾವುಗಳಾಗಿ, ಕ್ಯಾಲಿಫೋರ್ನಿಯಾ ಅದನ್ನು ಕಾನೂನಿನಿಂದಲೇ ನಿಷೇಧಿಸಬೇಕಾಯಿತು. ಪ್ರಜ್ಞೆ ತಪ್ಪಿದರೆ ಕೈ ಸಡಿಲವಾಗುತ್ತದೆ, ಮುಳುಗಿ ಸಾಯುತ್ತಾರೆ. ಹೊರಗೆ ನೋಡುವವರಿಗೆ ಅದು ಬರೀ ಮುಳುಗಿದ ಸಾವು.

ಹಾಗಾಗಿ ಕ್ರಮ ಹೀಗಿರಲಿ. ಸ್ಕೀಯರ್ ದೋಣಿಯ ಹತ್ತಿರ ಬಂದಾಗ ನ್ಯೂಟ್ರಲ್ ಸಾಲದು, ಎಂಜಿನ್ ಪೂರ್ತಿ ಆಫ್ ಆಗಬೇಕು. ಪ್ರೊಪೆಲ್ಲರಿನ ಭಯಕ್ಕೂ ಇದೇ ಮದ್ದು. ಸ್ಕೀ ಕಟ್ಟಿಕೊಳ್ಳುವುದು, ಹಗ್ಗದ ಸಿಕ್ಕು ಬಿಡಿಸುವುದು, ಸಲಹೆ ಕೊಡುವುದು ಎಲ್ಲ ಎಂಜಿನ್ ಆಫ್ ಆದ ಮೇಲೆ. ಓಡುತ್ತಿರುವ ದೋಣಿಯಿಂದ ಕನಿಷ್ಠ 20 ಅಡಿ, ಅಂದರೆ ಆರು ಮೀಟರ್ ದೂರ ಇರಬೇಕೆಂದು ಅಮೆರಿಕದ ಕೋಸ್ಟ್ ಗಾರ್ಡ್ ಹೇಳುತ್ತದೆ. ವೇಕ್‌ಸರ್ಫ್ ಮಾಡುವವರು ಅಷ್ಟು ದೂರದಲ್ಲಿ ಇರಲು ಆಗುವುದೇ ಇಲ್ಲ, ಅಲೆ ಇರುವುದೇ ದೋಣಿಯ ಬೆನ್ನಿಗೆ. ಅದಕ್ಕಾಗಿ ಹೊಗೆಯನ್ನು ಕೆಳಗೆ ತಿರುಗಿಸಿ ಪ್ರೊಪೆಲ್ಲರಿನ ನೀರಿನ ಹೊಡೆತಕ್ಕೆ ಬಿಡುವ ಕೊಳವೆಗಳು ಬಂದಿವೆ. ಹೊಗೆ ದೂರದಲ್ಲಿ ಮೇಲೇಳುತ್ತದೆ, ಇಲ್ಲವಾಗುವುದಿಲ್ಲ. ದೋಣಿಯೊಳಗೂ ಅಪಾಯ ಉಂಟು. ಮೇಲೆ ಕ್ಯಾನ್ವಾಸ್ ಹೊದಿಸಿ ನಿಧಾನವಾಗಿ ಹೋಗುವಾಗ ದೋಣಿಯ ಹಿಂದೆ ಗಾಳಿಯ ಒತ್ತಡ ತಗ್ಗಿ, ಹೊಗೆ ಸುಳಿ ತಿರುಗಿ ಸೀಟುಗಳ ಕಡೆಗೇ ಬರುತ್ತದೆ. ಮುಂದಿನ ಗಾಜು ತೆರೆದಿಡಿ, ದೋಣಿಗೆಂದೇ ಮಾಡಿದ ಮೊನಾಕ್ಸೈಡ್ ಅಲಾರಂ ಹಾಕಿಸಿ.

ನಿರ್ವಹಣೆಯ ವಿಷಯಕ್ಕೆ ಬಂದರೆ, ಶುದ್ಧ ಎಂಜಿನ್ನನ್ನು ಕೊಳಕು ಮಾಡುವುದು ಬಹಳ ಸುಲಭ. ಒಂದು ಸ್ಪಾರ್ಕ್ ಪ್ಲಗ್ ಕೈಕೊಟ್ಟರೆ ಸಾಕು. ಆ ಸಿಲಿಂಡರಿನ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಜೇನುಗೂಡು ಕರಗಿ ಗಟ್ಟಿ ಉಂಡೆಯಾಗುತ್ತದೆ, ಹೊಗೆಗೆ ದಾರಿ ಮುಚ್ಚುತ್ತದೆ, ಎಂಜಿನ್ನಿಗೆ ಎಳೆತವೇ ಬರುವುದಿಲ್ಲ. ಕನ್ವರ್ಟರಿನ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನದು ಮಿಶ್ರಣವನ್ನು ತಿದ್ದುತ್ತದೆ, ಹಿಂದಿನದು ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಿರುತ್ತದೆ. ಎಚ್ಚರಿಕೆ ದೀಪ ಹೊತ್ತಿದ ಮೇಲೂ ಇನ್ನೊಂದು ಸುತ್ತು ಎಂದು ಓಡಿಸುವವರು ಒಂದು ಪ್ಲಗ್ ಬೆಲೆ ಉಳಿಸಲು ಹೋಗಿ ಕನ್ವರ್ಟರ್ ಕಳೆದುಕೊಳ್ಳುತ್ತಾರೆ.

ಎರಡನೆಯದು ಎಂಜಿನ್ ತಣಿಸುವ ನೀರಿನ ಪಂಪ್. ಅದರೊಳಗೆ ತಿರುಗುತ್ತಾ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ರಬ್ಬರಿನದು, ನೀರೇ ಅದಕ್ಕೆ ಜಾರುವಿಕೆ ಕೊಡುತ್ತದೆ. ಒಣಗಿದ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಿದರೆ ಒಂದು ನಿಮಿಷದೊಳಗೆ ಎಲೆಗಳು ಸುಟ್ಟು ಹರಿಯಬಹುದು. ಹರಿದ ಚೂರುಗಳು ಮುಂದೆ ಹೋಗಿ ಕೂಲರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಬಿಸಿಯೇರುತ್ತಿದ್ದರೆ ಕಾರಣ ಇದೇ, ಎಲ್ಲ ಚೂರುಗಳನ್ನೂ ಹುಡುಕಿ ತೆಗೆಯಬೇಕು. ವರ್ಷಕ್ಕೊಮ್ಮೆ ಇಂಪೆಲ್ಲರ್ ಬದಲಿಸಿ. ಕಳೆ ಇರುವ ನೀರಿನಲ್ಲಿ ಓಡಿಸಿದ ದಿನ ಜರಡಿ ಬಿಚ್ಚಿ ನೋಡಿ.

ಪ್ರೊಪೆಲ್ಲರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒಂದು ಎಲೆಯ ಅಂಚು ಸ್ವಲ್ಪ ಬಾಗಿದರೂ ಅಷ್ಟೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗಬೇಕು, ಹೆಚ್ಚು ಸುಡಬೇಕು, ಮೇಲಾಗಿ ನಡುಕದಿಂದ ಶಾಫ್ಟಿನ ಬೇರಿಂಗ್ ಸವೆಯುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ 10 ಪ್ರತಿಶತ ಮೀರಬಾರದು. ದೋಣಿ ವಾರಗಟ್ಟಲೆ ನಿಂತಿದ್ದರೆ ಎಥನಾಲ್ ತೇವ ಹೀರಿ, ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ.

ಕಾರಿನ ಬಿಡಿಭಾಗ ಅಗ್ಗವೆಂದು ತಂದು ಹಾಕುವವರಿಗೆ ಒಂದು ಮಾತು. ದೋಣಿಯ ಸ್ಟಾರ್ಟರ್, ಆಲ್ಟರ್ನೇಟರ್‌ಗಳು ಒಳಗಿನ ಕಿಡಿ ಹೊರಗಿನ ಆವಿಗೆ ತಗುಲದಂತೆ ಮುಚ್ಚಿರುತ್ತವೆ. ಗಾಳಿ ಒಳಬರುವಲ್ಲಿ ಇರುವುದು ಬೆಂಕಿ ತಡೆಯುವ ಲೋಹದ ಜಾಲರಿ, ಕಾಗದದ ಫಿಲ್ಟರ್ ಅಲ್ಲ. ನೋಡಲು ಒಂದೇ ಥರ ಇದ್ದರೂ ಕಾರಿನದು ಇಲ್ಲಿ ಸ್ಫೋಟಕ್ಕೆ ಕಾರಣವಾಗಬಹುದು. ಚಾಲೂ ಮಾಡುವ ಮೊದಲು ನಾಲ್ಕು ನಿಮಿಷ, ಎಂಜಿನ್ ಗೂಡಿನ ಗಾಳಿ ಹೊರತಳ್ಳುವ ಬ್ಲೋವರ್ ಓಡಿಸುವ ನಿಯಮವೂ ಈ ಆವಿಗಾಗಿಯೇ.

ವಿದ್ಯುತ್ ದೋಣಿಗಳ ಪ್ರಶ್ನೆ ಹೇಗೂ ಬರುತ್ತದೆ, ನಾನೇ ಎತ್ತಿಬಿಡುತ್ತೇನೆ. ಮೋಟಾರಿನ ಗುಣಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನಿಂತಲ್ಲಿಂದಲೇ ಪೂರ್ತಿ ಎಳೆತ, ಜಗ್ಗಿಗೆ ತಕ್ಷಣದ ಉತ್ತರ, ಹೊಗೆಯೇ ಇಲ್ಲ. ತೊಡಕು ಬ್ಯಾಟರಿ. ನಾಟಿಕ್ ಕಂಪನಿಯ ಜಿಎಸ್22ಇ ಎಂಬ ವಿದ್ಯುತ್ ದೋಣಿಯಲ್ಲಿ 124 ಯೂನಿಟ್ಟಿನ ಬ್ಯಾಟರಿ, 220 ಕಿಲೋವ್ಯಾಟ್ ಮೋಟಾರ್ ಇದೆ. ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ. ಎಂಜಿನ್ ಅದರ ಕಾಲು ಭಾಗವನ್ನಷ್ಟೇ ಶಾಫ್ಟಿಗೆ ಕೊಟ್ಟರೂ ಎರಡು ಯೂನಿಟ್ಟಿಗೆ ಮೇಲಾಯಿತು. 150 ಲೀಟರ್ ಟ್ಯಾಂಕ್ ಎಂದರೆ ಶಾಫ್ಟಿಗೆ 330 ಯೂನಿಟ್ಟಿನಷ್ಟು, ತೂಕ 110 ಕಿಲೋ. ಬ್ಯಾಟರಿ ಕೊಡುವುದು ಅದರ ಮೂರನೇ ಒಂದು ಭಾಗ, ಯೂನಿಟ್ಟಿಗೆ ಆರು ಕಿಲೋ ಎಂದಿಟ್ಟುಕೊಂಡರೆ ತೂಕ ಏಳುನೂರು ಕಿಲೋ ದಾಟುತ್ತದೆ. ಸರಾಸರಿ 80 ಕಿಲೋವ್ಯಾಟ್ ಎಳೆದರೆ ಸುಮಾರು ಒಂದೂವರೆ ಗಂಟೆಯಲ್ಲಿ ಬ್ಯಾಟರಿ ಖಾಲಿ. ಆಮೇಲೆ 7 ಕಿಲೋವ್ಯಾಟ್ ಚಾರ್ಜರಿಗೆ ಹಾಕಿದರೆ ಹದಿನೆಂಟು ಗಂಟೆ, 60ರದ್ದಾದರೆ ಎರಡು ಗಂಟೆ. ವಿದ್ಯುತ್ ಮೊದಲು ಅಲೆ ಎಬ್ಬಿಸುವ ದೋಣಿಗಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಭಾರ ಬೇಕೇ ಬೇಕು, ನೀರಿನ ಬದಲು ಬ್ಯಾಟರಿ. ಸ್ಲಾಲಮಿನವರಿಗೆ ಅದೇ ಭಾರ ಶತ್ರು. ಹೊಗೆ ನಿಂತರೂ ಅಲೆ ನಿಲ್ಲುವುದಿಲ್ಲ ಎನ್ನುವುದೂ ನೆನಪಿರಲಿ: ವೇಕ್‌ಸರ್ಫ್ ದೋಣಿ ದಡದಿಂದ 500 ಅಡಿಗಿಂತ ಹೆಚ್ಚು ದೂರದಲ್ಲಿ ಓಡಬೇಕೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ 2022ರ ವರದಿ ಶಿಫಾರಸು ಮಾಡಿದ್ದು ಎಂಜಿನ್ ನೋಡಿ ಅಲ್ಲ, ಅಲೆ ನೋಡಿ.

ನನ್ನ ಅಭಿಪ್ರಾಯದಲ್ಲಿ ಕಲಿಯುವವರಿಗೆ ಎಲ್ಲಕ್ಕಿಂತ ಶುದ್ಧ ದಾರಿ ದೋಣಿಯನ್ನೇ ಬಿಡುವುದು. ಜರ್ಮನಿಯ ಬ್ರೂನೋ ರಿಕ್ಸೆನ್ 1960ರ ದಶಕದಲ್ಲಿ ಬೆಳೆಸಿದ ಕೇಬಲ್ ವ್ಯವಸ್ಥೆಯಲ್ಲಿ ಕೊಳದ ಸುತ್ತ ಕಂಬಗಳು, ಮೇಲೆ ಸುತ್ತುವ ಉಕ್ಕಿನ ಹಗ್ಗ, ದಡದಲ್ಲಿ ಒಂದು ವಿದ್ಯುತ್ ಮೋಟಾರ್. ಒಂದು ಟನ್ ದೋಣಿಯನ್ನು ನೀರಿನಲ್ಲಿ ತಳ್ಳುವ ಖರ್ಚಿಲ್ಲ, ಹಲವರು ಒಟ್ಟಿಗೇ ಸ್ಕೀ ಮಾಡಬಹುದು. ಸ್ಪರ್ಧೆಗಳೂ ನಡೆಯುತ್ತವೆ.

ಇಲ್ಲ, ದೋಣಿಯೇ ಬೇಕು, ಹಳೆಯದಾದರೂ ಸರಿ ಎನ್ನುವವರು ನೋಡಬೇಕಾದದ್ದು ಹೀಗೆ. ಮೊದಲು ಎಂಜಿನ್ ಮೇಲಿನ ಮಾಲಿನ್ಯದ ಚೀಟಿ, ತಯಾರಾದ ವರ್ಷ. ಆಮೇಲೆ ಪ್ಲಗ್ಗುಗಳನ್ನೆಲ್ಲ ಬಿಚ್ಚಿಸಿ. ತುದಿ ಕಂದು ಬಣ್ಣಕ್ಕಿದ್ದರೆ ಒಳ್ಳೆಯದು, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ತುಕ್ಕು ಕಂಡರೆ ಮ್ಯಾನಿಫೋಲ್ಡಿನಿಂದ ಸಿಲಿಂಡರಿಗೆ ನೀರು ನುಗ್ಗಿದೆ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲಿನಂತೆ ಬೆಳ್ಳಗಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ದೋಣಿ ನೀರಿನಲ್ಲಿ ಇರುವಾಗಲೇ ಎಂಜಿನ್ ಓಡಿಸಿ ನೋಡಿ, ದಡದ ಮೇಲೆ ಹೋಸ್ ಹಚ್ಚಿ ತೋರಿಸಿದರೆ ಒಪ್ಪಬೇಡಿ. ಹೊರೆ ಬಿದ್ದಾಗ ಮಾತ್ರ ತೋರುವ ಬಿಸಿ, ನಡುಕ, ತಡವರಿಕೆ ಹೋಸಿನ ನೀರಿನಲ್ಲಿ ಕಾಣುವುದಿಲ್ಲ.